ಹನ್ನೊಂದನೇ ಸಾಲಿನ ‘ಇಲ್ಲ’

ಹದಿನೇಳನೇ ತಾರೀಕು, ಮಂಗಳವಾರ
ಲಾಂಡ್ರಿಯ ಬಟ್ಟೆ ಮಡಚುವ ಮೇಜಿನಿಂದ

ನನ್ನ ಮುದ್ದಿನ ಮಿಡತೆಗೆ ದೊಡ್ಡಮ್ಮನ ತುಂಬು ಮನಸ್ಸಿನ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಇದನ್ನು ವಾಡಿಕೆಗೆಂದು ಕೇಳುತ್ತಿಲ್ಲ. ಈ ಪತ್ರದಲ್ಲಿ ಕೇಳಬೇಕಾದ್ದು ಅದೊಂದೇ, ಉಳಿದದ್ದೆಲ್ಲ ಅದರ ಹಿಂದೆ ಮುಂದೆ ಸುತ್ತುವ ಮಾತು. ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ನೀರು ಕುಡಿಯುತ್ತಿದ್ದೀಯಾ, ಇಲ್ಲ ಇಲ್ಲಿ ಮಾಡುತ್ತಿದ್ದ ಹಾಗೆ ಬಾಟಲಿ ತುಂಬಿಸಿಕೊಂಡು ಹೋಗಿ ಪಕ್ಕದವಳಿಗೆ ಕುಡಿಸಿ ಬರುತ್ತಿದ್ದೀಯಾ? ನಿದ್ದೆ ಬರುತ್ತಿದೆಯಾ? ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ಪದ್ಧತಿ, ಹಾಗೆಂದೇ ತಿಳಿದುಕೋ. ನಿನ್ನ ದೊಡ್ಡಪ್ಪನ ಮಂಡಿ ನೋವು ಹಾಗೇ ಇದೆ. ಊರಿನ ಅರ್ಧ ಲಿಫ್ಟುಗಳನ್ನು ರಿಪೇರಿ ಮಾಡುವ ಮನುಷ್ಯ ತನ್ನ ಮನೆಗೆ ಎರಡು ಮಹಡಿ ಮೆಟ್ಟಿಲು ಹತ್ತಿಕೊಂಡು ಬರುತ್ತಾ, ಪ್ರತಿ ತಿರುವಿನಲ್ಲೂ ನಿಂತು ಕಟ್ಟಡ ಕಟ್ಟಿಸಿದವನ ವಂಶವನ್ನು ಸ್ಮರಿಸುತ್ತಾರೆ. ನನ್ನ ಕೈ ಮೇಲೆ ಹೋದ ವಾರ ಆವಿ ತಗುಲಿ ಬೊಬ್ಬೆ ಎದ್ದಿತ್ತು, ಈಗ ಆರಿದೆ. ಅಕ್ಷರ ಅಂಕುಡೊಂಕಾಗಿದ್ದರೆ ಅದಕ್ಕಲ್ಲ, ಅದು ಹುಟ್ಟಿದಾಗಿನಿಂದಲೂ ಹಾಗೇ.

ನೀನು ವಿಮಾನ ಹತ್ತಿದ ದಿನ ದೊಡ್ಡಪ್ಪ ಮಾಡಿದ ಅವಾಂತರ ನಿನಗೆ ಗೊತ್ತಿಲ್ಲ. ಬಸ್ಸಿನಲ್ಲಿ ನಿಮ್ಮನ್ನೆಲ್ಲ ಕಳಿಸಿ ಮನೆಗೆ ಬಂದ ಮೇಲೆ ಮಾಳಿಗೆ ಹತ್ತಿ ಆಕಾಶ ನೋಡುತ್ತಾ ಕೂತುಬಿಟ್ಟರು. ಯಾವ ವಿಮಾನ ಹೋದರೂ ಅದೇ ನಿನ್ನದು. ಮಧ್ಯಾಹ್ನದೊಳಗೆ ನೀನು ಮೂರು ಸಲ ಪೂರ್ವಕ್ಕೆ, ಎರಡು ಸಲ ಪಶ್ಚಿಮಕ್ಕೆ ಹೋಗಿ ಬಂದಿದ್ದೆ. “ನೋಡೇ, ಇಷ್ಟು ವರ್ಷ ಜನಾನ ಮೇಲಕ್ಕೆ ಕಳಿಸಿದೀನಿ, ಹಗ್ಗ ಇಲ್ದೆ ಒಬ್ಬರನ್ನೂ ಕಳಿಸಿಲ್ಲ. ಇದೇನು ಲೆಕ್ಕ, ಮೇಲೆ ಹಿಡ್ಕೊಳ್ಳೋಕೆ ಏನೂ ಇಲ್ವಲ್ಲ!” ಎಂದು ನನ್ನನ್ನೇ ಗದರಿದರು, ವಿಮಾನ ನಾನೇ ಮಾಡಿದ ಹಾಗೆ. ನಾನು ನಕ್ಕೆ. ಆವತ್ತು ನಗುವುದಕ್ಕೆ ನನಗೆ ಬಾಯಿತ್ತು.

ಈಗ ಭಾನುವಾರದ ಫೋನಿನ ಮಾತಿಗೆ ಬರುತ್ತೇನೆ. ನಿಮ್ಮ ಶಾಲೆಯ ನಿಯಮ ಒಳ್ಳೆಯದೋ ಕೆಟ್ಟದ್ದೋ ನಾನರಿಯೆ. ಪ್ರವಾಸ ಮುಗಿಯುವ ತನಕ ಮಕ್ಕಳ ಫೋನುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು, ವಾರಕ್ಕೊಮ್ಮೆ ಕೋಚ್ ಮೇಡಂ ಫೋನಿನಿಂದ ತಲೆಗೆ ಎರಡೇ ನಿಮಿಷ, ಅದೂ ಎಲ್ಲರಿಗೂ ಕೇಳುವ ಹಾಗೆ. ನಾನು ಆ ಎರಡು ನಿಮಿಷಕ್ಕೆಂದು ಬೆಳಗ್ಗೆಯಿಂದ ಕೈ ಒಣಗಿಸಿಕೊಂಡು ಕೂತಿದ್ದೆ. ನೀನು ಚಳಿ ಅಂದೆ, ಮೈದಾನ ಕಾರ್ಪೆಟ್ಟಿನ ಹಾಗಿದೆ ಅಂದೆ, ಮೊದಲ ಪಂದ್ಯದಲ್ಲಿ ಎರಡು ಗೋಲು ಹೊಡೆದೆ ಅಂದೆ. ಪಕ್ಕದಲ್ಲಿ ಹುಡುಗಿಯರು ಕೂಗಾಡುತ್ತಿದ್ದರು. ಆಮೇಲೆ, ಇಡುವ ಮೊದಲು, ಏನೋ ತಮಾಷೆ ಹೇಳುವ ದನಿಯಲ್ಲಿ, “ದೊಡ್ಡಮ್ಮ, ಮಾಳಿಗೆ ಮೇಲೆ ಆಯ್ತಲ್ಲ, ಅದು ಇಲ್ಲೂ ಒಂದ್ಸಲ ಆಯ್ತು, ಬೆಳಗ್ಗೆ ಒಬ್ಬಳೇ ಓಡೋವಾಗ. ಬಾತ್‌ರೂಮಲ್ಲಿ ಸರಿ ಮಾಡ್ಕೊಂಡೆ, ಯಾರೂ ನೋಡ್ಲಿಲ್ಲ. ನೀನು ತಲೆ ಕೆಡಿಸ್ಕೋಬೇಡ,” ಅಂದೆ. ಸುತ್ತ ನಿಂತವರಿಗೆ ಅದು ಏನೂ ಅಲ್ಲದ ಮಾತು. ಬಾಯಿ ತೆಗೆಯುವಷ್ಟರಲ್ಲಿ ಎರಡು ನಿಮಿಷ ಮುಗಿದು ಇನ್ಯಾರದೋ ತಾಯಿಗೆ ಫೋನು ಹೋಗಿತ್ತು.

ಮಾಳಿಗೆಯ ಮೇಲೆ ಆದದ್ದು ನಮ್ಮಿಬ್ಬರಿಗೇ ಗೊತ್ತು. ರಜೆಯಲ್ಲಿ ಮನೆಗೆ ಬಂದಿದ್ದಾಗ, ಒಣಹಾಕಿದ ಚಾದರಗಳ ನಡುವೆ ಆ ತುದಿಯಿಂದ ಈ ತುದಿಗೆ ಹತ್ತು ಸಲ ಓಡುತ್ತೇನೆ, ನೀನು ಎಣಿಸು ಅಂದೆ. ನಾನು ಹಲ್ಲಿನಲ್ಲಿ ಕ್ಲಿಪ್ಪು ಕಚ್ಚಿಕೊಂಡು ಎಣಿಸುತ್ತಿದ್ದೆ. ಏಳಕ್ಕೆ ನೀನು ಚಾದರದ ಆ ಕಡೆಗೆ ಹೋದೆ, ಎಂಟಕ್ಕೆ ಬರಲಿಲ್ಲ. ಬಟ್ಟೆಯ ಕೆಳಗೆ ನಿನ್ನ ಪಾದ ಕಾಣಿಸಿತು, ಅಂಗಾಲು ಮೇಲೆ ಮಾಡಿಕೊಂಡು. ಓಡಿ ಬಂದು ನೋಡಿದರೆ ಕಣ್ಣು ಅರೆತೆರೆದಿದೆ, ತುಟಿ ಬಿಳಿಚಿಕೊಂಡಿದೆ. ಒದ್ದೆ ದಿಂಬಿನ ಚೀಲವನ್ನು ಮುಖಕ್ಕೆ ಹಿಂಡಿದೆ. ಎಷ್ಟು ಹೊತ್ತೋ ಗೊತ್ತಿಲ್ಲ, ನನಗದು ಒಂದು ಯುಗ. ನಿನಗೆ ಎಚ್ಚರ ಬಂದಾಗ ಮೊದಲು ಆಡಿದ ಮಾತು “ನೋವು” ಅಂತಲ್ಲ, “ಏನಾಯ್ತು” ಅಂತಲ್ಲ. “ಯಾರಿಗೂ ಹೇಳ್ಬೇಡ ದೊಡ್ಡಮ್ಮ, ಟೀಮಿಂದ ತೆಗೆದುಬಿಡ್ತಾರೆ.” ನಾನು, “ಬಿಸಿಲು ಕಣೇ, ಬಿಸಿಲಿಗೆ ತಲೆ ತಿರುಗಿದೆ ಅಷ್ಟೆ,” ಎಂದೆ. ಆವತ್ತು ಮೋಡ ಮುಚ್ಚಿತ್ತು. ಚಾದರ ಒಣಗಲಿಲ್ಲವೆಂದು ಬೆಳಗಿನಿಂದ ಗೊಣಗುತ್ತಿದ್ದವಳು ನಾನೇ. ಹಾಗಿದ್ದೂ ಬಿಸಿಲು ಎಂದೆ, ನೀನು ಹೂಂ ಅಂದೆ, ಇಬ್ಬರೂ ಸೇರಿ ಇಲ್ಲದ ಬಿಸಿಲನ್ನು ನಂಬಿದೆವು. ಆಣೆ ಮಾಡಿಸಿಕೊಂಡೆಯಲ್ಲ, ಅದು ಆವತ್ತಿನಿಂದ ನನ್ನ ಬಾಯಲ್ಲಿ ಬಿಸಿ ತುಪ್ಪದ ಹಾಗೆ ಇದೆ, ನುಂಗಲಾರೆ, ಉಗುಳಲಾರೆ.

ಅದಾಗಿ ಒಂಬತ್ತನೇ ದಿನ ಪ್ರವಾಸದ ಫಾರಂ ಬಂತು. ನಮ್ಮ ಮನೆಯಲ್ಲಿ ಫಾರಂ ತುಂಬುವ ರೀತಿ ನಿನಗೆ ಗೊತ್ತಲ್ಲ. ನಾನು ಓದಲು ಕಲಿತದ್ದೇ ಹಾಸಿಗೆ ಬಟ್ಟೆಯ ಅಂಚಿನಲ್ಲಿ ಹೊಲಿದ ಗುರುತು ಚೀಟಿಗಳಿಂದ. ಯಾವ ವಾರ್ಡು, ಯಾವ ಹೋಟೆಲು, ಎಷ್ಟನೇ ಮಹಡಿ ಎಂದು ನೋಡಿ ನೋಡಿ ಅಕ್ಷರ ಜೋಡಿಸಿಕೊಂಡವಳು. ಅದಕ್ಕೇ ಯಾವ ಫಾರಂ ಬಂದರೂ ಹಳೇದನ್ನು ಎಡಕ್ಕಿಟ್ಟುಕೊಂಡು, ಹೊಸದನ್ನು ಬಲಕ್ಕಿಟ್ಟುಕೊಂಡು, ಒಂದೊಂದೇ ಸಾಲಿಗೆ ಅಳತೆಪಟ್ಟಿ ಹಿಡಿದು ಇಳಿಸುತ್ತೇನೆ. ದೊಡ್ಡಪ್ಪ ಅದನ್ನು “ಕಾಪಿ ಹೊಡೆಯೋದು” ಎಂದು ಹಾಸ್ಯ ಮಾಡುತ್ತಾರೆ. ಗ್ಯಾಸಿನದೂ ಹಾಗೇ, ನಿನ್ನ ಶಾಲೆ ಸೇರಿಸಿದ್ದೂ ಹಾಗೇ. ಹೋದ ವರ್ಷದ ಫಾರಮ್ಮಿನ ಜೆರಾಕ್ಸ್ ತೆಗೆದಿಟ್ಟಿದ್ದೆ. ಹೆಸರು, ವಯಸ್ಸು, ರಕ್ತದ ಗುಂಪು, ಎಲ್ಲ ಇಳಿಯಿತು. ಹನ್ನೊಂದನೇ ಸಾಲಿಗೆ ಬಂದೆ. ಓಡುವಾಗ ಅಥವಾ ಆಡುವಾಗ ಮಗುವಿಗೆ ಎಂದಾದರೂ ಪ್ರಜ್ಞೆ ತಪ್ಪಿದೆಯೇ? ಹಳೆಯದರಲ್ಲಿ ‘ಇಲ್ಲ’ ಎಂದಿತ್ತು. ಹೊಸದರಲ್ಲೂ ‘ಇಲ್ಲ’ ಎಂದು ಬರೆದೆ.

ಇಷ್ಟು ದಿನ ನಾನು ನನಗೇ ಹೇಳಿಕೊಳ್ಳುತ್ತಿದ್ದುದು ಏನೆಂದರೆ, ಅಯ್ಯೋ, ಓದು ಬರಹ ಸರಿಯಾಗಿ ಬಾರದ ಹೆಂಗಸು, ಹಳೇದನ್ನು ನೋಡಿ ಇಳಿಸಿದೆ, ಕಣ್ತಪ್ಪಿತು. ಯಾರಾದರೂ ಕೇಳಿದರೂ ಅದನ್ನೇ ಹೇಳುವುದೆಂದು ಮನಸ್ಸಿನಲ್ಲಿ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಅದು ಸುಳ್ಳು ಮಗಳೇ. ನಾನು ಆ ಸಾಲನ್ನು ಓದಿದೆ. ‘ಪ್ರಜ್ಞೆ’ ಎಂಬ ಪದ ಆಸ್ಪತ್ರೆಯ ಬಟ್ಟೆ ಗಂಟಿನ ಚೀಟಿಯಲ್ಲಿ, ಪ್ರಜ್ಞೆ ತಪ್ಪಿದವರ ವಾರ್ಡಿನದು ಎಂದು, ನೂರು ಸಲ ನೋಡಿದ್ದೇನೆ. ಓದಿ, ಅಳತೆಪಟ್ಟಿಯನ್ನು ಅಲ್ಲೇ ಹಿಡಿದು, ಒಲೆಯ ಮೇಲಿನ ಹಾಲು ನೋಡಿ ಬಂದು, ಆಮೇಲೆ ಬರೆದೆ. ನೀನು ಗೋಡೆಗೆ ಒರಗಿ ನನ್ನ ಪೆನ್ನನ್ನೇ ನೋಡುತ್ತಿದ್ದೆ. ಬರೆದು ಮುಗಿಸಿದ ಮೇಲೆ ನೀನು ಉಸಿರು ಬಿಟ್ಟದ್ದು ಕೇಳಿಸಿತು. ಆ ಉಸಿರಿಗೋಸ್ಕರ ಬರೆದೆ. ಇನ್ನೂ ನಿಜ ಬೇಕೆಂದರೆ ನನಗೋಸ್ಕರವೂ ಬರೆದೆ. ಈ ಮನೆತನದಲ್ಲಿ ಒಬ್ಬಳು ಸಮುದ್ರ ದಾಟಿ ಹೋಗುತ್ತಾಳೆ, ಬೆನ್ನ ಮೇಲೆ ನಂಬರು ಹಾಕಿಕೊಂಡು ಆಡುತ್ತಾಳೆ ಎಂದು ಲಾಂಡ್ರಿಯಲ್ಲಿ ಮಷಿನ್ನುಗಳಿಗೂ ಹೇಳಿಬಿಟ್ಟಿದ್ದೆ. ಆಮೇಲೆ ನಿನ್ನ ಹಾಸ್ಟೆಲ್ ಸೀಟು. ಆಟದಿಂದ ಬಂದ ಸೀಟದು. ಆಟ ಹೋದರೆ ಸೀಟು ಹೋಗುತ್ತದೆ, ಮತ್ತೆ ಈ ಮೇಜಿನ ಆ ತುದಿಯಲ್ಲಿ ನಿಂತು ಚಾದರದ ಎರಡು ಮೂಲೆ ಹಿಡಿಯುವುದು ನಿನ್ನ ಪಾಲಿಗೆ. ಅದು ಬೇಡವೆನ್ನಿಸಿತು. ಇದನ್ನೆಲ್ಲ ಪುಣ್ಯ ಕಟ್ಟಿಕೊಂಡಂತೆ ಯೋಚಿಸಿದೆ ನೋಡು.

ಭಾನುವಾರ ನಿನ್ನ ಮಾತು ಕೇಳಿದ ಮೇಲೆ ಮನಸ್ಸು ತಡೆಯಲಿಲ್ಲ. ನಿನ್ನೆ ಆಸ್ಪತ್ರೆಯಿಂದ ಬಟ್ಟೆ ಎಣಿಸಿಕೊಡಲು ಬರುವ ಕನ್ನಡಕದ ನರ್ಸಮ್ಮನನ್ನು ಕೇಳಿದೆ. ನೇರವಾಗಿ ಕೇಳುವ ಧೈರ್ಯವೆಲ್ಲಿ? “ನಮ್ಮ ಪಕ್ಕದ್ಮನೆ ಹುಡುಗಿ, ಹದಿನಾರು ವರ್ಷ, ಓಡ್ತಾ ಓಡ್ತಾ ಎರಡು ಸಲ ಎಚ್ಚರ ತಪ್ಪಿದ್ಲಂತೆ, ರಕ್ತ ಕಮ್ಮಿ ಇರ್ಬೇಕು ಅಲ್ವಾ?” ಎಂದೆ. ಆಕೆ ದಿಂಬಿನ ಚೀಲ ಎಣಿಸುವುದನ್ನು ನಿಲ್ಲಿಸಿದರು. “ಓಡೋವಾಗಲೇ ಬಿದ್ಲಾ? ಓಡಿ ನಿಂತ ಮೇಲಾ?” ಓಡುವಾಗಲೇ ಎಂದೆ. “ಅವರ ಮನೇಲಿ ಚಿಕ್ಕ ವಯಸ್ಸಿಗೇ ದಿಢೀರಂತ ಹೋದವರು ಯಾರಾದ್ರೂ ಇದಾರಾ?” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ನನ್ನ ಕೈ ತಾನಾಗಿ ಎದೆಗೆ ಹೋಗಿತ್ತು. ನರ್ಸಮ್ಮ ಕನ್ನಡಕ ತೆಗೆದರು. “ನಿಮ್ಮ ಪಕ್ಕದ್ಮನೇಲಿ ಸೈಕಲ್ ಶಾಪ್ ಇರೋದು ಅಕ್ಕಾ, ಹುಡುಗಿ ಇಲ್ಲ. ಯಾವ ಹುಡುಗಿಯಾದ್ರೂ ಸರಿ, ಎದೆ ಡಾಕ್ಟರಿಗೆ ತೋರಿಸೋ ತನಕ ಒಂದು ಹೆಜ್ಜೆ ಓಡಬಾರದು. ಹೇಳ್ತಿರೋದು ಅರ್ಥ ಆಯ್ತಾ? ಮೂರನೇ ಸಲ ಏಳ್ತಾಳೆ ಅಂತ ಯಾರೂ ಬರೆದುಕೊಡೋಕಾಗಲ್ಲ,” ಅಂದರು. ಆಮೇಲೆ ಮೊದಲಿಂದ ಎಣಿಸತೊಡಗಿದರು, ಲೆಕ್ಕ ತಪ್ಪಿಹೋಗಿತ್ತು.

ಮನೆಗೆ ಬಂದು ದೊಡ್ಡಪ್ಪನಿಗೆ ಎಲ್ಲವನ್ನೂ ಹೇಳಿದೆ. ನಿನ್ನ ಆಣೆ ಅಲ್ಲಿಗೇ ಮುರಿಯಿತು, ಕ್ಷಮಿಸು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಸ್ಪ್ಯಾನರಿನ ಚೀಲ ಇಳಿಸಿ ನೆಲದ ಮೇಲೆ ಕೂತರು. “ಲಿಫ್ಟು ಒಂದ್ಸಲ ಜಗ್ಗಿದ್ರೆ ನಾವು ಏನ್ ಮಾಡ್ತೀವಿ ಗೊತ್ತೇನೇ? ಮೊದಲು ಬೋರ್ಡ್ ಹಾಕ್ತೀವಿ, ಕೆಟ್ಟಿದೆ ಹತ್ತಬೇಡಿ ಅಂತ. ಯಾಕೆ ಜಗ್ತು ಅನ್ನೋದೆಲ್ಲ ಆಮೇಲೆ. ಮಾಲೀಕ ಎಗರಾಡ್ತಾನೆ, ಬಾಡಿಗೆಯೋರು ಶಾಪ ಹಾಕ್ತಾರೆ, ಆದ್ರೂ ಬೋರ್ಡ್ ತೆಗೆಯಲ್ಲ.” ಇಷ್ಟು ಹೇಳಿ ಮಂಡಿ ಒತ್ತಿಕೊಳ್ಳತೊಡಗಿದರು. “ಹಾಗಾದ್ರೆ ನೀವೇ ಹೋಗಿ ಹೇಳ್ರೀ ಶಾಲೆಗೆ,” ಎಂದೆ. ಗೋಡೆಯ ಮೇಲೆ ನೀನು ಕಪ್ಪು ಹಿಡಿದ ಫೋಟೊ ಇದೆಯಲ್ಲ, ಅದನ್ನೇ ನೋಡುತ್ತಾ, “ಅವಳ ಕತ್ತಿಗೆ ಬೋರ್ಡ್ ಹಾಕೋ ಕೈ ನಂಗಿಲ್ಲ ಕಣೇ,” ಅಂದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಎರಡು ಮುದಿ ಇಲಿಗಳು ಮುಖ ಮುಖ ನೋಡಿಕೊಂಡು ಕೂತೆವು.

ಬೇರೆ ದಾರಿಗಳನ್ನೆಲ್ಲ ನೋಡಿ ಮುಗಿಸಿದ್ದೇನೆ. ಕೋಚ್ ಮೇಡಂ ಫೋನಿಗೆ ಹಚ್ಚಿದರೆ ತೆಗೆಯುವುದಿಲ್ಲ, ಪೋಷಕರು ಶಾಲೆಯ ಹಾಸ್ಟೆಲಿನ ವಾರ್ಡನ್ ಮೂಲಕವೇ ಮಾತಾಡಬೇಕೆಂದು ರೆಕಾರ್ಡು ಮಾಡಿದ ಹೆಂಗಸು ಹೇಳುತ್ತಾಳೆ. ನಾನು ಆಕೆಗೂ ಎರಡು ಸಲ “ಸ್ವಲ್ಪ ಕೇಳಿ ತಾಯಿ” ಎಂದೆ. ನೀವು ಇಳಿದುಕೊಂಡಿರುವ ಹಾಸ್ಟೆಲಿನ ಹೆಸರನ್ನು ಓದಲೇ ನನಗೆ ಬರುವುದಿಲ್ಲ, ಇನ್ನು ಅವರ ಭಾಷೆಯಲ್ಲಿ ಏನೆಂದು ಹೇಳಲಿ? ಎತ್ತ ತಿರುಗಿದರೂ ದಾರಿ ವಾರ್ಡನ್ ಬಾಗಿಲಿಗೇ ಬಂದು ನಿಲ್ಲುತ್ತದೆ. ಅಲ್ಲಿ ಹೇಳಿದರೆ ನಿನ್ನ ಆಟ ಹೋಯಿತು, ನಿನ್ನ ಸೀಟು ಹೋಯಿತು, ನನ್ನ ಮೇಲೆ ನಿನಗಿದ್ದ ನಂಬಿಕೆಯೂ ಹೋಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಡದಿದ್ದರೆ ಏನು ಹೋಗುತ್ತದೆ ಎಂದು ಗಾದೆ ಮಾಡಿದವರು ಹೇಳಲಿಲ್ಲ.

ಇವತ್ತು ಬೆಳಗ್ಗೆ ನಿಮ್ಮ ಟೀಮಿನ ಬಿಳಿ ಅಂಗಿಗಳು ಲಾಂಡ್ರಿಗೆ ಬಂದವು. ಭಾನುವಾರದ ಫೈನಲ್ಲಿನಲ್ಲಿ ಎದುರಾಳಿಗಳದ್ದೂ ಹಸಿರೇ ಆಗುವ ಸಂಭವವಿದೆಯಂತೆ, ಅದಕ್ಕೆ ವಾರ್ಡನ್ ಅಮ್ಮ ನಾಳೆ ಬೆಳಗ್ಗೆ ಹೊರಟು ಬಿಳಿಯದನ್ನು ಕೈಯಾರೆ ತಲುಪಿಸುತ್ತಾರೆ. ಜೊತೆಗೆ ಮನೆಯವರ ಪತ್ರಗಳನ್ನೂ ಒಯ್ಯುತ್ತಾರೆ, ಪತ್ರ ಮಾತ್ರ, ತಿಂಡಿ ಗಿಂಡಿ ಇಲ್ಲ. ಸಂಜೆ ಐದರೊಳಗೆ ಕೊಡಬೇಕು. ಅಂಗಿಗಳನ್ನು ಇಸ್ತ್ರಿ ಮಾಡುವ ಸರದಿ ನನ್ನದೇ. ಹದಿನಾರು ಅಂಗಿ. ನಿನ್ನ ಏಳನೇ ನಂಬರು ಕೈಗೆ ಬಂದಾಗ ನನಗೊಂದು ಬುದ್ಧಿ ಹೊಳೆಯಿತು. ಇಸ್ತ್ರಿ ಪೆಟ್ಟಿಗೆಯನ್ನು ಇದರ ಮೇಲಿಟ್ಟು ಮರೆತುಬಿಟ್ಟರೆ? ಬೆನ್ನು ಪೂರಾ ಸುಟ್ಟು ಹೋಗುತ್ತದೆ. ಅಂಗಿಯಿಲ್ಲದೆ ಹೇಗೆ ಆಡಿಸುತ್ತಾರೆ? ಲಾಂಡ್ರಿಯ ಹೆಂಗಸು ಮೈಮರೆತಳು ಎಂದು ಬೈದು ಸುಮ್ಮನಾಗುತ್ತಾರೆ. ಯಾರ ಆಣೆಯೂ ಮುರಿಯುವುದಿಲ್ಲ. ನಿಜವಾಗಿಯೂ ಇಟ್ಟೆ ಮಗಳೇ. ಇಟ್ಟು ಬೇರೆ ಕಡೆ ಮುಖ ಮಾಡಿದೆ. ಆದರೆ ಮೂವತ್ತು ವರ್ಷದ ಕೈ ಇದು, ಹೊಗೆ ಏಳುವ ಮುಂಚೆಯೇ ತಾನಾಗಿ ಎತ್ತಿಬಿಟ್ಟಿತು. ಮತ್ತೆ ಇಟ್ಟೆ, ಮತ್ತೆ ಎತ್ತಿತು. ಮೂರನೇ ಸಲ ನಾನೇ ಬಿಟ್ಟುಕೊಟ್ಟೆ. ಮಡಚಿ ಎಲ್ಲಕ್ಕಿಂತ ಮೇಲಿಟ್ಟಿದ್ದೇನೆ. ಇಡೀ ಗಂಟಿನಲ್ಲಿ ಅಷ್ಟು ಚೆನ್ನಾಗಿ ಇಸ್ತ್ರಿಯಾದ ಅಂಗಿ ಇನ್ನೊಂದಿಲ್ಲ. ಒಂದು ಅಂಗಿ ಸುಡಲೂ ಕೈಲಾಗದವಳು ಸಮುದ್ರದಾಚೆ ಇರುವ ನಿನ್ನನ್ನು ಹೇಗೆ ಹಿಡಿದು ನಿಲ್ಲಿಸಲಿ?

ಇನ್ನೊಂದು ಮಾತಿದೆ. ಇದನ್ನು ನಿನಗೆ ಹದಿನೆಂಟು ತುಂಬಿದ ಮೇಲೆ, ಎದುರಿಗೆ ಕೂರಿಸಿಕೊಂಡು ಹೇಳಬೇಕೆಂದಿದ್ದೆ. ನಿನ್ನ ಅಮ್ಮ, ನನ್ನ ತಂಗಿ, ಜ್ವರದಿಂದ ಹೋಗಲಿಲ್ಲ. ಜ್ವರ ಎಂದು ನಿನಗೆ ಹೇಳಿದವಳು ನಾನು, ಮೂರು ವರ್ಷದ ಮಗುವಿಗೆ ಅದು ಅರ್ಥವಾಗುವ ಪದವಾಗಿತ್ತು, ಆಮೇಲೆ ತಿದ್ದಲು ಮನಸ್ಸು ಬರಲಿಲ್ಲ. ಅವಳು ಬಸ್ಸು ಹಿಡಿಯಲು ಓಡಿದಳು. ನಿನ್ನ ಹಾಗೇ ಓಡುತ್ತಿದ್ದಳು, ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಕಂಡಕ್ಟರ್ “ಬನ್ನಿ ಬನ್ನಿ” ಎಂದು ಕೈ ಚಾಚಿದ್ದನಂತೆ. ಬಸ್ಸಿನ ಬಾಗಿಲಿಗೆ ಎರಡು ಮಾರು ಇರುವಾಗ ಬಿದ್ದಳು, ಮತ್ತೆ ಏಳಲಿಲ್ಲ. ಇಪ್ಪತ್ತೇಳು ವರ್ಷ. ಮೈಮೇಲೆ ಒಂದು ಗೀರೂ ಇರಲಿಲ್ಲ. ಹುಟ್ಟಿನಿಂದ ಎದೆಯಲ್ಲಿ ಏನೋ ಇದ್ದಿರಬೇಕು, ಮೊದಲೇ ಗೊತ್ತಾಗಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡಾಕ್ಟರು. ಮೊದಲೇ ಗೊತ್ತಾಗಿತ್ತು. ನಿನ್ನಷ್ಟೇ ವಯಸ್ಸಿನಲ್ಲಿ ಒಂದು ದಿನ ನಲ್ಲಿಯಿಂದ ಬಿಂದಿಗೆ ಹಿಡಿದು ನನ್ನ ಜೊತೆ ಪಂದ್ಯ ಕಟ್ಟಿ ಓಡುವಾಗ ಬಿದ್ದಿದ್ದಳು, ಆವತ್ತು ಪಕ್ಕದಲ್ಲಿದ್ದವಳು ನಾನೊಬ್ಬಳೇ. ನಮ್ಮಪ್ಪ ಒಡೆದ ಬಿಂದಿಗೆಗೆ ಇಬ್ಬರಿಗೂ ಬೈದು, “ಬಿಸಿಲು, ಇನ್ನೇನು,” ಎಂದರು. ಮಾಳಿಗೆಯ ಮೇಲೆ ನನ್ನ ಬಾಯಿಂದ ಬಂದದ್ದು ಅದೇ ಮಾತು. ಅಂಥ ಮಾತೂ ಆಸ್ತಿಯ ಹಾಗೆ ಅಪ್ಪನಿಂದ ಮಗಳಿಗೆ ಬರುತ್ತದೆಯೆಂದು ನನಗೆ ಗೊತ್ತಿರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ಕೈ ಹಿಡಿದು, ಬೇಕಾದರೆ ಕಾಲು ಹಿಡಿದು ಕೇಳುತ್ತೇನೆ. ಈ ಪತ್ರ ಓದಿದ ತಕ್ಷಣ ಕೋಚ್ ಮೇಡಂ ಹತ್ತಿರ ಹೋಗು. ನೀನಾಗಿಯೇ ಹೇಳು, ನನಗೆ ಹೀಗೆ ಎರಡು ಸಲ ಆಗಿದೆ, ಫಾರಮ್ಮಿನಲ್ಲಿ ಬರೆದದ್ದು ಸುಳ್ಳು, ಬರೆದದ್ದು ದೊಡ್ಡಮ್ಮ ಎಂದು. ನನ್ನ ಹೆಸರು ಧಾರಾಳವಾಗಿ ಹೇಳು. ನೀನಾಗಿ ಹೇಳಿದರೆ ನಿನ್ನ ಮಾನ ಉಳಿಯುತ್ತದೆ, ನಾನು ಹೇಳಿದರೆ ನೀನು ಸಿಕ್ಕಿಬಿದ್ದ ಹಾಗಾಗುತ್ತದೆ ಎಂದು ಯೋಚಿಸಿ ಇದನ್ನು ನಿನಗೇ ಬಿಡುತ್ತಿದ್ದೇನೆ. ಇಷ್ಟು ಬರೆದು ನಿಲ್ಲಿಸಿ, ಗೋಡೆಗೆ ಅಂಟಿಸಿದ ನಿಮ್ಮ ಆಟದ ಪಟ್ಟಿ ನೋಡಿದೆ. ವಾರ್ಡನ್ ಅಮ್ಮ ನಿಮ್ಮನ್ನು ಮುಟ್ಟುವುದು ಗುರುವಾರ ಸಂಜೆ. ನಾಳೆ ಬುಧವಾರ ಒಂದು ಪಂದ್ಯವಿದೆ. ಈ ಕಾಗದ ನಿನ್ನ ಕೈಗೆ ಬರುವ ಹೊತ್ತಿಗೆ ಅದು ಮುಗಿದಿರುತ್ತದೆ. ಆ ಒಂದು ಪಂದ್ಯದಲ್ಲಿ ಮಾತ್ರ ನಿಧಾನಕ್ಕೆ ಓಡು ಎಂದು ಬರೆಯಲು ಪೆನ್ನು ಎತ್ತಿದ್ದೆ. ಮುಗಿದುಹೋದ ಪಂದ್ಯಕ್ಕೆ ಬುದ್ಧಿ ಹೇಳಲು ಹೊರಟಿದ್ದೇನಲ್ಲ, ಎಂಥ ಪೆದ್ದಿ ನಾನು.

ನಾಲ್ಕೂವರೆಯಾಯಿತು. ಅಂಗಿಗಳ ಗಂಟು ಕಟ್ಟಿದ್ದೇನೆ. ದೊಡ್ಡಪ್ಪ ನಿನಗೊಂದು ಸಾಲು ಬರೆಯುತ್ತೇನೆಂದು ಪೆನ್ನು ಇಸಿದುಕೊಂಡು, ಬಹಳ ಹೊತ್ತು ಹಿಡಿದುಕೊಂಡಿದ್ದು, ವಾಪಸ್ಸು ಕೊಟ್ಟರು. ಅವರ ಆಶೀರ್ವಾದವನ್ನೂ ನನ್ನ ಅಕ್ಷರದಲ್ಲೇ ಓದಿಕೋ. ಕನ್ನಡಕದ ನರ್ಸಮ್ಮ ಪಕ್ಕದ ಮನೆಯ ಹುಡುಗಿಯನ್ನು ಕೇಳಿದೆನೆಂದು ಹೇಳಿ ಎಂದರು. ನಿನ್ನ ಕೊಠಡಿಯ ಗೆಳತಿಯರಿಗೂ ಕೋಚ್ ಮೇಡಂಗೂ ನನ್ನ ನಮಸ್ಕಾರ. ತಲೆಗೆ ಎಣ್ಣೆ ಹಚ್ಚಿಕೋ, ಕಿವಿಗೆ ಬಟ್ಟೆ ಕಟ್ಟಿಕೋ, ದೇವರು ನಿನ್ನ ಹೆಜ್ಜೆ ಹೆಜ್ಜೆಯನ್ನೂ ಕಾಯಲಿ.

ಇಂತಿ,
ನಿನ್ನ ಮೇಲೆ ಪ್ರಾಣವಿಟ್ಟುಕೊಂಡ
ದೊಡ್ಡಮ್ಮ

ವಿ.ಸೂ.: ಇದನ್ನು ವಾರ್ಡನ್ ಅಮ್ಮನ ಕೋಣೆಯಲ್ಲಿ ನಿಂತುಕೊಂಡು ಬರೆಯುತ್ತಿದ್ದೇನೆ, ಅವರ ಪೆನ್ನು. ಮೇಲೆ ಬರೆದದ್ದನ್ನು ತಿದ್ದಲು ಹೊತ್ತಿಲ್ಲ, ಹಾಗೇ ಓದಿಕೋ. ಲಕೋಟೆ ಕೊಟ್ಟು ಗೇಟಿನ ತನಕ ಹೋಗಿದ್ದೆ. ಮೈದಾನದಲ್ಲಿ ಐದನೇ ಕ್ಲಾಸಿನ ಮಕ್ಕಳು ಓಡುತ್ತಿದ್ದರು. ಒಬ್ಬಳು ಎಡವಿ ಬಿದ್ದಳು. ಅವಳು ಏಳುವ ತನಕ ನನಗೆ ಕಾಲು ಕೀಳಲಾಗಲಿಲ್ಲ. ಎದ್ದಳು, ಮಂಡಿ ಒರೆಸಿಕೊಂಡು ಓಡಿದಳು. ನಾನು ತಿರುಗಿ ಬಂದು ಎಲ್ಲವನ್ನೂ ಹೇಳಿಬಿಟ್ಟೆ, ಫಾರಮ್ಮಿನದು, ಮಾಳಿಗೆಯದು, ಬಾತ್‌ರೂಮಿನದು, ನಿನ್ನ ಅಮ್ಮನದು. ವಾರ್ಡನ್ ಅಮ್ಮ ಬೈಯಲಿಲ್ಲ. ಕುರ್ಚಿ ಎಳೆದು ಕೊಟ್ಟು, ಆಗಲೇ ಅಲ್ಲಿಗೆ ಫೋನು ಹಚ್ಚಿದರು. ನಿಮಗಲ್ಲಿ ಬೆಳಗಿನ ಪ್ರಾಕ್ಟೀಸಿನ ಹೊತ್ತು. ಕೋಚ್ ಮೇಡಂ ಸೀಟಿ ಊದಿ ನಿನ್ನನ್ನು ಕರೆದದ್ದು ನನಗೂ ಕೇಳಿಸಿತು. ಇವತ್ತೇ ಡಾಕ್ಟರಿಗೆ ತೋರಿಸುತ್ತಾರಂತೆ. ಇನ್ನು ಒಂದು ಪಂದ್ಯವೂ ಇಲ್ಲ. ಸೀಟಿನ ವಿಷಯ ಕೇಳಿದೆ, “ಅದನ್ನ ಈಗ ನನ್ನ ಕೈಲಿ ಹೇಳೋಕಾಗಲ್ಲ ಅಮ್ಮ” ಎಂದರು. ನಿನ್ನನ್ನು ಮಾತಾಡಲು ಕರೆದರು, ನೀನು ಬರಲಿಲ್ಲ. “ಹೇಳಿದ್ದು ದೊಡ್ಡಮ್ಮನಾ? ನಾನಿನ್ನು ಅವಳ ಹತ್ರ ಮಾತೇ ಆಡಲ್ಲ,” ಎಂದು ಕಿರುಚಿದೆ. ಆಡಬೇಡ ಮಗಳೇ. ಎಷ್ಟು ವರ್ಷ ಬೇಕೋ ಅಷ್ಟು ವರ್ಷ ಆಡಬೇಡ. ಆಮೇಲೆ ನೀನು ಅಳುವುದು ಕೇಳಿಸಿತು, ಗೊಳೋ ಎಂದು, ಸಣ್ಣವಳಿದ್ದಾಗ ಅಳುತ್ತಿದ್ದ ಹಾಗೆ. ವಾರ್ಡನ್ ಅಮ್ಮ ಫೋನು ಇಡಲು ಹೋದರು, ನಾನು ಇಡಗೊಡಲಿಲ್ಲ. ಇಸಿದುಕೊಂಡು ಕಿವಿಗೆ ಒತ್ತಿ ಹಿಡಿದುಕೊಂಡೆ. ಅಳುವಿನ ನಡುನಡುವೆ ನೀನು ಉಸಿರು ಎಳೆದುಕೊಳ್ಳುತ್ತಿದ್ದೆ. ಒಂದನ್ನೂ ಬಿಡದೆ ಕೇಳಿಸಿಕೊಂಡೆ.